ಎಣ್ಣೆ ತುಪ್ಪಗಳೂ ನಮ್ಮ ಶರೀರವೂ

ಎಣ್ಣೆ ತುಪ್ಪಗಳ ವಿಷಯವಾಗಿ ನಮ್ಮ ಹಳ್ಳಿಗಳಲ್ಲಿ ಎರಡು ವಿಧವಾದ ಮಾತುಗಳು ನಡೆಯುತ್ತವೆ. ತುಪ್ಪ ತಿಂದವನಿಗೆ ಬಲ ಬರುವದು, ಆದದರಿಂದ ಸಿಕ್ಕಿದಷ್ಟು ತಿನ್ನಬೇಕು ಎಂದು ಕೆಲವರು ಹೇಳುತ್ತಾರೆ. ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದ ಬೇರೆ ಕೆಲವರು, ಎಣ್ಣೆ ತುಪ್ಪಗಳು ಹೃದಯಕ್ಕೆ ವಿಷವೇ ಸರಿ, ಅವುಗಳನ್ನು ಮುಟ್ಟಲೇ ಬಾರದು ಎನ್ನುತ್ತಾರೆ. ಅಜ್ಜನಿಗೆ ವೈದ್ಯರು ಎಣ್ಣೆಯನ್ನು ಕಡಿಮೆ ಮಾಡಲು ಹೇಳಿದರೆಂದು ಅದೇ ಮನೆಯ ಒಂದು ವರುಷದ ಕೂಸಿನ ಗಂಜಿಗೂ ಎಣ್ಣೆ ಹಾಕದೆ ಬಿಡುವದುಂಟು. ಹೀಗೆ ಒಬ್ಬರಿಗೆ ಪಥ್ಯವಾದದ್ದು ಮತ್ತೊಬ್ಬರಿಗೆ ಉಪವಾಸವಾಗುವದು. ಮೇಲಿನ ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯವಿದೆ. ಪೂರ್ಣ ಸತ್ಯವು ಎರಡರಲ್ಲಿಯೂ ಇಲ್ಲ. ಕೊಬ್ಬು ಶರೀರಕ್ಕೆ ಅವಶ್ಯವಾದ ಆಹಾರ; ಆದರೆ ಅದು ಅಳತೆಯಿಂದಲೂ ಉಣ್ಣುವವರ ವಯಸ್ಸನ್ನು ನೋಡಿಯೂ ಹಂಚತಕ್ಕ ಆಹಾರ. ಈ ಸಂಗತಿಯನ್ನು ಕ್ರಮವಾಗಿ ವಿಚಾರಿಸೋಣ.

1. ಕೊಬ್ಬೆಂದರೇನು?

ಎಣ್ಣೆ, ಬೆಣ್ಣೆ, ತುಪ್ಪ, ಮಾಂಸದ ನೆಣ, ಮೀನಿನ ಎಣ್ಣೆ ಇವೆಲ್ಲಾ ಕಣ್ಣಿಗೆ ಬೇರೆ ಬೇರೆಯಾಗಿ ತೋರಿದರೂ ಒಂದೇ ಕುಲಕ್ಕೆ ಸೇರಿದವುಗಳು. ಸಾಧಾರಣ ಶಾಖದಲ್ಲಿ ದ್ರವವಾಗಿರುವದನ್ನು ಎಣ್ಣೆಯೆಂದೂ ಗಟ್ಟಿಯಾಗಿರುವದನ್ನು ಕೊಬ್ಬೆಂದೂ ಕರೆಯುವದು ವಾಡಿಕೆ. ನೀರಿನಲ್ಲಿ ಕರಗದಿರುವದೇ ಇವುಗಳ ಮುಖ್ಯ ಗುಣ. ಇಂಥ ಜಿಡ್ಡಿನ ಪದಾರ್ಥಗಳಿಗೆಲ್ಲಾ ಸೇರಿಸಿ ಶಾಸ್ತ್ರಜ್ಞರು ಲಿಪಿಡ್ ಎಂಬ ಹೆಸರನ್ನಿಟ್ಟಿದ್ದಾರೆ. ಜೇನುಮೇಣವೂ, ಈಗ ಎಲ್ಲರ ಬಾಯಲ್ಲಿರುವ ಕೊಲೆಸ್ಟರಾಲೂ ಈ ಕುಲದವುಗಳೇ.

ಕೊಬ್ಬಿನ ಒಳರಚನೆಯನ್ನು ಮೊದಲು ಬಿಡಿಸಿ ತೋರಿಸಿದವರು ಫ್ರಾನ್ಸ್ ದೇಶದ ಮಿಶೆಲ್ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞರು. ಅವರು 1811ರಲ್ಲಿ ಹಂದಿಯ ಕೊಬ್ಬಿನಿಂದ ಮಾಡಿದ ಸಾಬೂನನ್ನು ಪರೀಕ್ಷಿಸಲಾರಂಭಿಸಿ, ತಾವು ಕಂಡುಹಿಡಿದದ್ದನ್ನು 1823ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕೊಬ್ಬು ಒಂದೇ ಪದಾರ್ಥವಲ್ಲ, ಗ್ಲಿಸರಿನ್ ಎಂಬ ಸಿಹಿಯಾದ ದ್ರವವೂ ಕೊಬ್ಬಿನ ಆಮ್ಲಗಳೂ ಕೂಡಿ ಆದದ್ದು ಎಂಬದೇ ಆ ಗ್ರಂಥದ ಸಾರ. ಬಿತ್ತನೆಯ ಕೂರಿಗೆಯನ್ನು ನೀವು ಬಲ್ಲಿರಿ. ಒಂದು ದಿಂಡಿಗೆ ಮೂರು ತಾಳುಗಳು ಕೂಡಿರುವ ಹಾಗೆಯೇ ಒಂದು ಗ್ಲಿಸರಿನಿಗೆ ಮೂರು ಕೊಬ್ಬಿನ ಆಮ್ಲಗಳು ಅಂಟಿಕೊಂಡಿರುವವು. ವೈದ್ಯರ ಚೀಟಿಯಲ್ಲಿ ಟ್ರೈಗ್ಲಿಸರೈಡ್ ಎಂದು ಬರೆದಿರುವದು ಇದನ್ನೇ.

ಈ ಆಮ್ಲಗಳಲ್ಲಿ ಎರಡು ಮುಖ್ಯ ಜಾತಿಗಳುಂಟು. ಒಂದು ಜಾತಿಯವು ನೆಟ್ಟಗಿರುತ್ತವೆ. ಇವುಗಳಿಗೆ ಪರ್ಯಾಪ್ತ ಆಮ್ಲಗಳೆಂದು ಹೆಸರು. ಇನ್ನೊಂದು ಜಾತಿಯವು ನಡುವೆ ಡೊಂಕಾಗಿರುತ್ತವೆ. ಇವು ಅಪರ್ಯಾಪ್ತ ಆಮ್ಲಗಳು. ನೆಟ್ಟಗಿರುವ ಜೋಳದ ದಂಟುಗಳನ್ನು ಒತ್ತಾಗಿ ಹೊರೆ ಕಟ್ಟಬಹುದು. ಡೊಂಕು ಕಟ್ಟಿಗೆಗಳ ಹೊರೆಯಲ್ಲಿ ಸಂದುಗಳು ಉಳಿದು ಅದು ಸಡಿಲವಾಗಿರುವದು. ಅದರಂತೆ ಪರ್ಯಾಪ್ತ ಆಮ್ಲಗಳು ಹೆಚ್ಚಾಗಿರುವ ತುಪ್ಪವೂ ಕೊಬ್ಬರಿ ಎಣ್ಣೆಯೂ ಚಳಿಯಲ್ಲಿ ಹೆಪ್ಪುಗಟ್ಟುವವು. ಅಪರ್ಯಾಪ್ತ ಆಮ್ಲಗಳು ಹೆಚ್ಚಾಗಿರುವ ಕುಸುಬೆ ಎಣ್ಣೆಯು ಹಾಗೆಯೇ ಹರಿಯುತ್ತಿರುವದು. ಈ ಭೇದವನ್ನು ನೆನಪಿನಲ್ಲಿಡಿರಿ. ಮುಂದೆ ಹೃದಯದ ವಿಷಯವನ್ನು ಹೇಳುವಾಗ ಇದು ಬೇಕಾಗುವದು.

2. ಶರೀರದಲ್ಲಿ ಕೊಬ್ಬಿನ ಕೆಲಸಗಳು

ಮೊದಲನೆಯದಾಗಿ, ಕೊಬ್ಬು ಶರೀರದ ಉರುವಲು. ಒಂದು ಗ್ರಾಂ ಪಿಷ್ಟವಾಗಲಿ ಸಸಾರಜನಕವಾಗಲಿ ಸುಮಾರು 4 ಕ್ಯಾಲರಿ ಶಕ್ತಿಯನ್ನು ಕೊಡುವದು. ಒಂದು ಗ್ರಾಂ ಕೊಬ್ಬಾದರೋ ಸುಮಾರು 9 ಕ್ಯಾಲರಿ ಶಕ್ತಿಯನ್ನು ಕೊಡುವದು. ಸುಗ್ಗಿಯಲ್ಲಿ ತುಂಬಿದ ಹಗೇವನ್ನು ಬರಗಾಲದಲ್ಲಿ ತೆರೆಯುವ ಹಾಗೆ, ಶರೀರವು ತಿಂದು ಮಿಕ್ಕ ಶಕ್ತಿಯನ್ನು ಕೊಬ್ಬಾಗಿ ಕೂಡಿಟ್ಟು, ರೋಗದಲ್ಲಿಯೂ ಹಸಿವೆಯಲ್ಲಿಯೂ ಖರ್ಚು ಮಾಡುವದು. ಎಣ್ಣೆ ತಿಂದರೆ ಮಾತ್ರವೇ ಮೈಯಲ್ಲಿ ಕೊಬ್ಬು ಬೆಳೆಯುವದೆಂದು ತಿಳಿಯಬಾರದು. ಬೇಕಾದದ್ದಕ್ಕಿಂತ ಹೆಚ್ಚಾಗಿ ತಿಂದ ಅನ್ನ, ಬೆಲ್ಲ, ಸಕ್ಕರೆಗಳನ್ನೂ ಶರೀರವು ಕೊಬ್ಬಾಗಿ ಮಾರ್ಪಡಿಸುವದು.

ಎರಡನೆಯದಾಗಿ, ಕೊಬ್ಬು ಶರೀರವನ್ನು ಕಟ್ಟುವ ಸಾಮಾನು. ನಮ್ಮ ಶರೀರದ ಪ್ರತಿಯೊಂದು ಜೀವಕಣದ ಸುತ್ತಲೂ ಜಿಡ್ಡಿನ ತೆಳ್ಳಗಿನ ಗೋಡೆಯಿದೆ. ಮಿದುಳಿನೊಳಗಿನ ನೀರನ್ನು ತೆಗೆದುಬಿಟ್ಟರೆ ಉಳಿಯುವದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲಿಪಿಡುಗಳೇ. ಕೂಸಿನ ಮಿದುಳು ಮೊದಲ ಎರಡು ವರುಷಗಳಲ್ಲಿ ಅತಿ ಬೇಗನೆ ಬೆಳೆಯುವದು. ಇದಕ್ಕೆ ತಕ್ಕಂತೆ ತಾಯಿಯ ಹಾಲಿನಿಂದ ದೊರೆಯುವ ಶಕ್ತಿಯಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗವು ಅದರ ಕೊಬ್ಬಿನಿಂದಲೇ ಬರುವದು.

ಮೂರನೆಯದಾಗಿ, ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ವಗಳು ಕೊಬ್ಬಿನಲ್ಲಿಯೇ ಕರಗುವಂಥವುಗಳು. ಊಟದಲ್ಲಿ ಕೊಬ್ಬು ಇಲ್ಲದಿದ್ದರೆ ಇವುಗಳು ಕರುಳಿನಿಂದ ಶರೀರಕ್ಕೆ ಸರಿಯಾಗಿ ಸೇರಲಾರವು. ನುಗ್ಗೆಸೊಪ್ಪು, ಪಪ್ಪಾಯಿ, ಸಿಹಿಕುಂಬಳ, ಗಜ್ಜರಿ ಇವುಗಳಲ್ಲಿರುವ ಬಣ್ಣದ ಸತ್ವವು ಶರೀರದಲ್ಲಿ ಎ ಜೀವಸತ್ವವಾಗಿ ಮಾರ್ಪಡುವದು. ಆದರೆ ಎಣ್ಣೆಯ ಒಗ್ಗರಣೆಯಿಲ್ಲದೆ ಬರಿಯ ನೀರಿನಲ್ಲಿ ಬೇಯಿಸಿ ತಿಂದ ಸೊಪ್ಪಿನ ಸತ್ವವು ಬಹಳ ಮಟ್ಟಿಗೆ ವ್ಯರ್ಥವಾಗಿ ಹೊರಗೆ ಹೋಗುವದು. ಆದದರಿಂದ ಒಗ್ಗರಣೆಯು ನಾಲಿಗೆಯ ರುಚಿಗೆ ಮಾತ್ರ ಎಂದು ಎಣಿಸಬೇಡಿರಿ.

ನಾಲ್ಕನೆಯದಾಗಿ, ಶರೀರವು ತಾನಾಗಿ ಮಾಡಿಕೊಳ್ಳಲಾರದ ಕೆಲವು ಕೊಬ್ಬಿನ ಆಮ್ಲಗಳುಂಟು. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಅವರ ಪತ್ನಿ ಮಿಲ್ಡ್ರೆಡ್ ಬರ್ ಎಂಬವರು ಇಲಿಗಳಿಗೆ ಕೊಬ್ಬನ್ನು ಪೂರ್ತಿಯಾಗಿ ತೆಗೆದ ಆಹಾರವನ್ನು ಕೊಟ್ಟು ನೋಡಿದರು. ಬೇರೆಲ್ಲಾ ಸತ್ವಗಳು ಸಾಕಷ್ಟಿದ್ದರೂ ಇಲಿಗಳ ಚರ್ಮವು ಹೊಟ್ಟೆದ್ದು, ಬೆಳವಣಿಗೆಯು ನಿಂತು, ಕಡೆಗೆ ಅವು ಸತ್ತವು. ಕೊಬ್ಬನ್ನು ಸ್ವಲ್ಪ ಕೊಟ್ಟವುಗಳು ಚೇತರಿಸಿಕೊಂಡವು. ಅದರಲ್ಲಿದ್ದ ಲಿನೋಲಿಕ್ ಎಂಬ ಆಮ್ಲವೇ ಇದಕ್ಕೆ ಕಾರಣವೆಂದು ಅವರು ಮರುವರುಷ ತಿಳಿಸಿದರು. ನಮ್ಮ ಕುಸುಬೆ, ಎಳ್ಳು, ಗುರೆಳ್ಳುಗಳ ಎಣ್ಣೆಗಳಲ್ಲಿ ಈ ಆಮ್ಲವು ಧಾರಾಳವಾಗಿದೆ. ಇಂಥದೇ ಮತ್ತೊಂದು ಆಮ್ಲವು ಅಗಸೆಯಲ್ಲಿ ಹೇರಳವಾಗಿರುವದು. ಬೂತಾಯಿ, ಬಂಗುಡೆ ಮುಂತಾದ ಜಿಡ್ಡಿನ ಮೀನುಗಳಲ್ಲಿಯೂ ಅದೇ ವರ್ಗದ ಆಮ್ಲಗಳಿವೆ.

3. ಕೊಬ್ಬು ರಕ್ತಕ್ಕೆ ಸೇರುವ ಬಗೆ

ನೀರಿಗೂ ಎಣ್ಣೆಗೂ ಹೊಂದಿಕೆಯಿಲ್ಲವಷ್ಟೇ. ಹಾಗಾದರೆ ನೀರಿನಂಥ ರಸಗಳಿಂದ ತುಂಬಿರುವ ಹೊಟ್ಟೆಯಲ್ಲಿ ಎಣ್ಣೆಯು ಹೇಗೆ ಜೀರ್ಣವಾಗುವದು? ಎಣ್ಣೆ ಹಚ್ಚಿದ ತಲೆಗೆ ಬರಿಯ ನೀರು ಸುರಿದರೆ ಜಿಡ್ಡು ಹೋಗದು. ಸೀಗೆಪುಡಿ ತಿಕ್ಕಿದೊಡನೆ ಜಿಡ್ಡು ನೀರಿನಲ್ಲಿ ಬೆರೆತು ಹೋಗುವದು. ಪಿತ್ತಕೋಶದಿಂದ ಕರುಳಿಗೆ ಇಳಿಯುವ ಪಿತ್ತರಸವು ಇದೇ ಕೆಲಸವನ್ನು ಮಾಡಿ ಎಣ್ಣೆಯನ್ನು ಅತಿ ಸಣ್ಣ ಹನಿಗಳಾಗಿ ಒಡೆಯುವದು. ಬಳಿಕ ಮೇದೋಜೀರಕ ಗ್ರಂಥಿಯ ರಸವು ಕೂರಿಗೆಯಿಂದ ತಾಳುಗಳನ್ನು ಕಳಚಿದ ಹಾಗೆ ಆಮ್ಲಗಳನ್ನು ಬಿಡಿಸುವದು. ಕರುಳಿನ ಗೋಡೆಯು ಇವುಗಳನ್ನು ಹೀರಿ ಪುನಃ ಜೋಡಿಸಿಕೊಳ್ಳುವದು.

ಇಟಲಿ ದೇಶದ ಗಾಸ್ಪಾರೆ ಅಸೆಲ್ಲಿ ಎಂಬ ವೈದ್ಯರು 1622ರ ಜುಲೈ ತಿಂಗಳಲ್ಲಿ, ಆಗ ತಾನೇ ತಿಂದಿದ್ದ ಒಂದು ನಾಯಿಯ ಹೊಟ್ಟೆಯನ್ನು ಕೊಯ್ದು ನೋಡುತ್ತಿರಲಾಗಿ ಕರುಳಿನ ಪೊರೆಯ ಮೇಲೆ ಬಿಳಿಯ ದಾರಗಳಂಥವುಗಳು ಕಂಡವು. ನರಗಳಿರಬಹುದೆಂದು ಒಂದನ್ನು ಕತ್ತರಿಸಲು ಹಾಲಿನಂಥ ರಸವು ಹೊರಟಿತು. ಹಸಿದ ನಾಯಿಯಲ್ಲಿ ಹುಡುಕಿದಾಗ ಆ ದಾರಗಳು ಕಾಣಲೇ ಇಲ್ಲ. ಊಟದ ಕೊಬ್ಬು ಸಾಗುವ ನಾಳಗಳು ಅವುಗಳೇ. ಆ ಬಿಳಿಯ ರಸವು ಎದೆಯೊಳಗಿನ ಒಂದು ನಾಳದ ಮೂಲಕ ಮೇಲೇರಿ ಕುತ್ತಿಗೆಯ ಬುಡದಲ್ಲಿ ರಕ್ತವನ್ನು ಸೇರುವದು.

ರಕ್ತವೂ ನೀರಿನಂಥದ್ದೇ ಆದದರಿಂದ ಜಿಡ್ಡು ಅದರಲ್ಲಿ ಒಂಟಿಯಾಗಿ ಸಂಚರಿಸಲಾರದು. ಸಸಾರಜನಕದ ಹೊದಿಕೆಯುಳ್ಳ ಸಣ್ಣ ಬಂಡಿಗಳಲ್ಲಿ ಸಾಗುವದು. ಎಲ್.ಡಿ.ಎಲ್. ಎಂಬ ಬಂಡಿಗಳು ಕೊಲೆಸ್ಟರಾಲನ್ನು ಅವಯವಗಳಿಗೆ ಒಯ್ಯುವವು, ಎಚ್.ಡಿ.ಎಲ್. ಎಂಬವುಗಳು ಮಿಕ್ಕದ್ದನ್ನು ಯಕೃತ್ತಿಗೆ ಹಿಂದಕ್ಕೆ ತರುವವು. ಕೊಲೆಸ್ಟರಾಲ್ ಸ್ವತಃ ಶತ್ರುವಲ್ಲ. ಜೀವಕಣಗಳ ಗೋಡೆಗೂ ಪಿತ್ತರಸಕ್ಕೂ ಅದು ಬೇಕು. ಅದರ ಬಹುಭಾಗವನ್ನು ನಮ್ಮ ಶರೀರವೇ ಮಾಡಿಕೊಳ್ಳುವದು. ಆದರೆ ಎಲ್.ಡಿ.ಎಲ್. ಬಂಡಿಗಳು ಮಿತಿಮೀರಿದರೆ ಅವುಗಳ ಸರಕು ರಕ್ತನಾಳದ ಗೋಡೆಗಳಲ್ಲಿ ವರುಷಗಟ್ಟಲೆ ಸೇರುತ್ತಾ ಹೋಗಿ, ಹೂಳು ತುಂಬಿದ ಕಾಲುವೆಯ ಹಾಗೆ ದಾರಿಯನ್ನು ಕಿರಿದು ಮಾಡುವದು. ಹೃದಯದ ನಾಳವು ಹೀಗೆ ಕಟ್ಟಿಕೊಂಡರೆ ಹೃದಯಾಘಾತವಾಗುವದು.

ಕೊಬ್ಬು ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು ಎಂಬದಕ್ಕೆ ಹಾಲು ಬೆಣ್ಣೆಗಳಿಗೆ ಹೆಸರಾದ ಎರಡು ದೇಶಗಳ ಚರಿತ್ರೆಗಳನ್ನು ಈಗ ನೋಡೋಣ.

4. ಬೆಣ್ಣೆಯನ್ನು ಮಾರಿದ ದೇಶ

ಡೆನ್ಮಾರ್ಕ್ ಎಂಬ ಚಿಕ್ಕ ದೇಶದ ರೈತರು ಒಳ್ಳೇ ಬೆಣ್ಣೆಯನ್ನು ಮಾಡಿ ಪರದೇಶಗಳಿಗೆ ಮಾರಿ ಹಣ ಗಳಿಸುತ್ತಿದ್ದರು. ಮೊದಲನೆಯ ಮಹಾಯುದ್ಧದ ವರುಷಗಳಲ್ಲಿ ಬೆಣ್ಣೆಯ ಬೆಲೆ ಏರಿತು. ಬಡವರು ಬೆಣ್ಣೆಯನ್ನು ಬಿಟ್ಟು, ಸಸ್ಯದ ಎಣ್ಣೆಯಿಂದ ಮಾಡಿದ ಅಗ್ಗದ ಮಾರ್ಗರಿನ್ ಎಂಬದನ್ನೂ ಕೆನೆ ತೆಗೆದ ಹಾಲನ್ನೂ ಮಕ್ಕಳಿಗೆ ಕೊಟ್ಟರು. ಸ್ವಲ್ಪ ಕಾಲದಲ್ಲಿ ಆ ಮಕ್ಕಳ ಕಣ್ಣುಗಳು ಒಣಗಿ, ಕರಿಗುಡ್ಡೆಯ ಮೇಲಿನ ಪೊರೆಯು ಹುಣ್ಣಾಗಿ, ಅನೇಕರು ಕುರುಡರಾದರು. ಕಾರ್ಲ್ ಬ್ಲೋಕ್ ಎಂಬ ಮಕ್ಕಳ ವೈದ್ಯರು ಇದನ್ನು ಪರೀಕ್ಷಿಸಿ, ಹಾಲಿನ ಕೆನೆಯಲ್ಲಿರುವ ಯಾವದೋ ಒಂದು ಸತ್ವದ ಕೊರತೆಯೇ ಇದಕ್ಕೆ ಕಾರಣವೆಂದು ಕಂಡುಕೊಂಡರು. ಪೂರ್ಣ ಹಾಲನ್ನೂ ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನೂ ಕೊಡಲು, ಹೊತ್ತು ಮೀರದ ಮಕ್ಕಳ ಕಣ್ಣುಗಳು ವಾಸಿಯಾದವು.

ಆ ಸತ್ವವು ಯಾವದೆಂದು ತಿಳಿಯಲು ಅಮೆರಿಕದಲ್ಲಿ ದಾರಿ ತೆರೆದಿತ್ತು. 1913ರಲ್ಲಿ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೇಟ್ ಡೇವಿಸ್ ಎಂಬವರು, ಬೆಣ್ಣೆಯ ಕೊಬ್ಬನ್ನಾಗಲಿ ಮೊಟ್ಟೆಯ ಹಳದಿಯ ಕೊಬ್ಬನ್ನಾಗಲಿ ತಿಂದ ಇಲಿಗಳು ಬೆಳೆಯುವವೆಂದೂ, ಹಂದಿಯ ಕೊಬ್ಬನ್ನು ಮಾತ್ರ ತಿಂದವುಗಳು ಬೆಳೆಯುವದಿಲ್ಲವೆಂದೂ ತೋರಿಸಿದ್ದರು. ಬೆಣ್ಣೆಯಲ್ಲಿದ್ದ ಆ ಸತ್ವಕ್ಕೆ ತರುವಾಯ ಎ ಜೀವಸತ್ವವೆಂದು ಹೆಸರಾಯಿತು. 1917ರ ಕೊನೆಯಲ್ಲಿ ಡೆನ್ಮಾರ್ಕಿನ ಸರಕಾರವು ಬೆಣ್ಣೆಯನ್ನು ಬಡವರೂ ಕೊಳ್ಳಬಹುದಾದ ಬೆಲೆಗೆ ಪ್ರತಿಯೊಬ್ಬರಿಗೂ ಪಾಲು ಹಾಕಿ ಹಂಚಲಾರಂಭಿಸಿತು. 1918ರಲ್ಲಿ ಆ ಕಣ್ಣಿನ ರೋಗವು ಕಾಣದಂತಾಯಿತು.

ಈ ಚರಿತ್ರೆಯು ನಮಗೆ ದೂರದ್ದೋ? ಹಸು ಎಮ್ಮೆ ಕಟ್ಟಿರುವ ಮನೆಯಲ್ಲಿ ಬೆಳಗಿನ ಹಾಲೂ ಸಂಜೆಯ ಹಾಲೂ ಪೂರ್ತಿಯಾಗಿ ಸಂಘಕ್ಕೆ ಅಳೆದು ಹೋದರೆ, ತುಪ್ಪವು ಸಂತೆಗೆ ಹೋದರೆ, ಮೊಟ್ಟೆಗಳು ಅಂಗಡಿಗೆ ಹೋದರೆ, ಆ ಮನೆಯ ಮಗುವಿನ ತಟ್ಟೆಯಲ್ಲಿ ಉಳಿಯುವದೇನು? ಹಾಲು ಮಾರುವದು ತಪ್ಪೆಂದು ನಾವು ಹೇಳುವದಿಲ್ಲ. ಸಾಲ ತೀರಿಸಲೂ ಶಾಲೆಯ ಖರ್ಚಿಗೂ ಆ ಹಣವು ಬೇಕು. ಆದರೆ ಅಳೆಯುವದಕ್ಕೆ ಮುಂಚೆ ಮಕ್ಕಳ ಪಾಲನ್ನು ತೆಗೆದಿಡಿರಿ. ಸಂಜೆಯಾದೊಡನೆ ಮಗು ತಡಕಾಡುವದನ್ನೂ ಎಡವುವದನ್ನೂ ಕಂಡರೆ ಅದು ಇರುಳುಗುರುಡಿನ ಲಕ್ಷಣವೆಂದು ತಿಳಿದು ತಡ ಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಒಂಬತ್ತು ತಿಂಗಳು ತುಂಬಿದಂದಿನಿಂದ ಐದು ವರುಷದ ವರೆಗೆ ಸರಕಾರದವರು ಮಕ್ಕಳಿಗೆ ಕೊಡುವ ಎ ಜೀವಸತ್ವದ ಔಷಧವನ್ನೂ ತಪ್ಪಿಸಬೇಡಿರಿ.

5. ಬೆಣ್ಣೆಯನ್ನು ಅತಿಯಾಗಿ ತಿಂದ ಸೀಮೆ

ಫಿನ್ಲೆಂಡ್ ದೇಶದ ಮೂಡಣ ಗಡಿಯಲ್ಲಿ ಉತ್ತರ ಕರೇಲಿಯ ಎಂಬ ಸೀಮೆಯಿದೆ. ಅಲ್ಲಿಯವರು ಕಾಡಿನಲ್ಲಿ ಮರ ಕಡಿಯುವವರೂ ಹಸು ಸಾಕುವ ಸಣ್ಣ ರೈತರೂ ಆಗಿದ್ದರು. ರೊಟ್ಟಿಗೆ ದಪ್ಪನಾಗಿ ಬೆಣ್ಣೆ, ಕೆನೆಹಾಲು, ಕೊಬ್ಬಿನ ಮಾಂಸ, ಹೆಚ್ಚು ಉಪ್ಪು, ಕಡಿಮೆ ಕಾಯಿಪಲ್ಯ, ಜೊತೆಗೆ ತಂಬಾಕು. ಇದು ಅವರ ರೂಢಿ. ಕಷ್ಟಪಟ್ಟು ದುಡಿಯುವ ಗಟ್ಟಿಯಾದ ಗಂಡಸರು ನಡುವಯಸ್ಸಿನಲ್ಲಿಯೇ ಹೃದಯಾಘಾತದಿಂದ ಸಾಯುತ್ತಾ ಬಂದರು. ದುಡಿಯುವವನಿಗೆ ಎಷ್ಟು ಬೆಣ್ಣೆಯಾದರೂ ದಕ್ಕುವದೆಂಬ ಮಾತು ಸುಳ್ಳೆಂದು ಅಲ್ಲಿ ಸ್ಪಷ್ಟವಾಯಿತು. 1971ರಲ್ಲಿ ಆ ಸೀಮೆಯ ಜನರ ಪ್ರತಿನಿಧಿಗಳು ಸರಕಾರಕ್ಕೆ ಮನವಿ ಮಾಡಿಕೊಂಡರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವಕ ವೈದ್ಯರ ನೇತೃತ್ವದಲ್ಲಿ ಕೆಲಸವು ಆರಂಭವಾಯಿತು.

ಅವರು ಆಸ್ಪತ್ರೆಯಲ್ಲಿ ಕೂತು ಔಷಧ ಕೊಟ್ಟದ್ದರಿಂದ ಮಾತ್ರ ಆ ಕೆಲಸವು ಸಾಗಲಿಲ್ಲ. ಹಳ್ಳಿಯ ಸ್ತ್ರೀಯರ ಸಂಘದವರು ಕೂಟಗಳನ್ನು ಕೂಡಿಸಿ, ಕಡಿಮೆ ಬೆಣ್ಣೆಯಿಂದಲೂ ಹೆಚ್ಚು ಕಾಯಿಪಲ್ಯದಿಂದಲೂ ರುಚಿಯಾದ ಅಡಿಗೆ ಮಾಡುವದನ್ನು ತೋರಿಸಿಕೊಟ್ಟರು. ಕೊಲೆಸ್ಟರಾಲನ್ನು ಇಳಿಸುವದರಲ್ಲಿ ಹಳ್ಳಿಹಳ್ಳಿಗಳಿಗೆ ಪಂದ್ಯವನ್ನಿಟ್ಟರು. ಬೆಣ್ಣೆಯ ಬದಲಿಗೆ ಸಸ್ಯದ ಎಣ್ಣೆಯು ಬಳಕೆಗೆ ಬಂತು; ತಂಬಾಕೂ ಉಪ್ಪೂ ಕಡಿಮೆಯಾದವು. ಸುಮಾರು 40 ವರುಷಗಳಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದಯರೋಗದಿಂದ ಸಾಯುವ ಪ್ರಮಾಣವು ಐದರಲ್ಲಿ ನಾಲ್ಕು ಪಾಲು ತಗ್ಗಿತು. ಇದರಲ್ಲಿ ತಂಬಾಕು ಬಿಟ್ಟದ್ದಕ್ಕೂ ರಕ್ತದ ಒತ್ತಡವು ಇಳಿದದ್ದಕ್ಕೂ ಪಾಲುಂಟು. ಆದರೆ ದೊಡ್ಡ ಪಾಲು ರಕ್ತದ ಕೊಲೆಸ್ಟರಾಲ್ ಇಳಿದದ್ದರದು.

6. ನಮ್ಮ ಮನೆಗಳಿಗೆ ಯಾವ ಎಣ್ಣೆ?

ಆಯಾ ಸೀಮೆಯಲ್ಲಿ ಬೆಳೆಯುವ ಶೇಂಗಾ, ಕುಸುಬೆ, ಎಳ್ಳು, ಸೂರ್ಯಕಾಂತಿ ಇವುಗಳ ಎಣ್ಣೆಗಳು ದಿನಬಳಕೆಗೆ ಒಳ್ಳೆಯವು. ಒಂದನ್ನೇ ಹಿಡಿಯದೆ ಬದಲಾಯಿಸುತ್ತಾ ಬಳಸುವದು ಉತ್ತಮ. ಕೊಬ್ಬರಿ ಎಣ್ಣೆಯಲ್ಲಿ 100ಕ್ಕೆ ಸುಮಾರು 90 ಪಾಲೂ ತುಪ್ಪದಲ್ಲಿ ಸುಮಾರು 60 ಪಾಲೂ ಪರ್ಯಾಪ್ತ ಆಮ್ಲಗಳಿವೆ, ಇವು ಎಲ್.ಡಿ.ಎಲ್. ಅನ್ನು ಏರಿಸುವಂಥವುಗಳಾದದರಿಂದ ದೊಡ್ಡವರು ಇವುಗಳನ್ನು ಮಿತವಾಗಿ ಬಳಸತಕ್ಕದ್ದು. ಕೊಲೆಸ್ಟರಾಲ್ ಇಲ್ಲದ ಎಣ್ಣೆ ಎಂದು ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿರುವದನ್ನು ನೋಡಿ ಹೆಚ್ಚು ಬೆಲೆ ಕೊಡಬೇಡಿರಿ. ಯಾಕಂದರೆ ಕೊಲೆಸ್ಟರಾಲ್ ಇರುವದು ಪ್ರಾಣಿಗಳಿಂದ ಬರುವ ಆಹಾರದಲ್ಲಿಯೇ. ಸಸ್ಯದ ಎಣ್ಣೆಗಳಲ್ಲಿ ಅದು ಎಣಿಕೆಗೆ ಸಿಕ್ಕುವಷ್ಟು ಇಲ್ಲ.

ಒಂದು ಜಾತಿಯ ಕೊಬ್ಬು ಮಾತ್ರ ಯಾರಿಗೂ ಹಿತವಲ್ಲ. ಎಣ್ಣೆಗೆ ಜಲಜನಕ ವಾಯುವನ್ನು ಕೂಡಿಸಿ ತುಪ್ಪದ ಹಾಗೆ ಗಟ್ಟಿ ಮಾಡುವ ಉಪಾಯಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಎಂಬವರು 1902ರಲ್ಲಿ ಹಕ್ಕುಪತ್ರವನ್ನು ಪಡೆದರು. ನಮ್ಮ ದೇಶದಲ್ಲಿ ವನಸ್ಪತಿ ಎಂದು ಮಾರುವದು ಇದನ್ನೇ. ಈ ಉಪಾಯದಲ್ಲಿ ಟ್ರಾನ್ಸ್ ಎಂಬ ಕೊಬ್ಬು ಹುಟ್ಟಬಹುದು. ಅದು ಎಲ್.ಡಿ.ಎಲ್. ಅನ್ನು ಏರಿಸಿ ಎಚ್.ಡಿ.ಎಲ್. ಅನ್ನು ಇಳಿಸುವದು. ಆದದರಿಂದ ಎಣ್ಣೆ ಕೊಬ್ಬುಗಳಲ್ಲಿ ಇದು 100ಕ್ಕೆ 2 ಪಾಲನ್ನು ಮೀರಕೂಡದೆಂಬ ನಿಯಮವು ಭಾರತದಲ್ಲಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಮದುವೆಯ ಕಡಾಯಿಯಲ್ಲಿ ಉಳಿದ ಕರಿದ ಎಣ್ಣೆಯನ್ನು ವಾರಗಟ್ಟಲೆ ಕಾಯಿಸಿ ಕಾಯಿಸಿ ಬಳಸುವದೂ ಹಾನಿಕರ. ಕಪ್ಪಾದ, ನೊರೆ ಕಟ್ಟುವ, ಕಮಟು ವಾಸನೆಯ ಎಣ್ಣೆಯನ್ನು ಉಳಿಸಿದವನು ಹಣವನ್ನು ಉಳಿಸಿ ಆರೋಗ್ಯವನ್ನು ಕಳಕೊಳ್ಳುವನು.

7. ಎಷ್ಟು? ಯಾರಿಗೆ?

ದೊಡ್ಡವರಿಗೆ ದಿನಕ್ಕೆ ಅಡಿಗೆಯ ಎಣ್ಣೆ ತುಪ್ಪಗಳೆಲ್ಲಾ ಕೂಡಿ ಸುಮಾರು 20ರಿಂದ 30 ಗ್ರಾಂ, ಅಂದರೆ ನಾಲ್ಕರಿಂದ ಆರು ಚಿಕ್ಕ ಚಮಚ, ಸಾಕು. ನಾಲ್ಕು ಮಂದಿಯ ಮನೆಗೆ ತಿಂಗಳಿಗೆ 3 ಕಿಲೋ ಎಂದು ಲೆಕ್ಕವಿಟ್ಟುಕೊಳ್ಳಬಹುದು. ಕಣ್ಣಿಗೆ ಕಾಣದ ಕೊಬ್ಬನ್ನೂ ಮರೆಯಬಾರದು: ಶೇಂಗಾ, ಎಳ್ಳುಗಳಲ್ಲಿ ತೂಕದ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆಯೇ ಇದೆ, ಎಮ್ಮೆಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಹೆಚ್ಚು ಕೊಬ್ಬಿದೆ. ಬಡವರ ಮನೆಯ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸೆ ಪುಡಿಗಳು ಹೀಗೆ ಬಹು ಬೆಲೆಯುಳ್ಳ ಆಹಾರಗಳು.

ಆರು ತಿಂಗಳು ತುಂಬಿದ ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟು ಚಿಕ್ಕದು. ನೀರಾದ ರಾಗಿಗಂಜಿಯಿಂದ ಹೊಟ್ಟೆ ತುಂಬುವದು, ಶಕ್ತಿ ತುಂಬದು. ತಾಯಿಯ ಹಾಲಿನ ಜೊತೆಯಲ್ಲಿ ಕೊಡುವ ಮೆತ್ತಗಿನ ಅನ್ನಕ್ಕಾಗಲಿ ಗಟ್ಟಿ ಗಂಜಿಗಾಗಲಿ ಒಂದು ಚಿಕ್ಕ ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರಸಿರಿ. ಬಾಣಂತಿಗೂ ಬೆಳೆಯುವ ಹುಡುಗ ಹುಡುಗಿಯರಿಗೂ ಎಣ್ಣೆಯ ಪಾಲನ್ನು ಕಡಿಯಬೇಡಿರಿ. ಅಜ್ಜನಿಗೆ ವೈದ್ಯರು ಹೇಳಿದ ಪಥ್ಯವು ಅಜ್ಜನಿಗೇ ಇರಲಿ. ಅವರು ಕೊಟ್ಟ ಔಷಧವನ್ನೂ ತಾವಾಗಿ ನಿಲ್ಲಿಸಬಾರದು. ಅನೇಕ ಮನೆಗಳಲ್ಲಿ ತುಪ್ಪದ ಬಟ್ಟಲು ಕೂತು ಉಣ್ಣುವ ಯಜಮಾನನ ಎಲೆಯಿಂದ ಹೊರಟು, ಕೂಸಿನ ಬಳಿಗೆ ಬರುವಷ್ಟರಲ್ಲಿ ಬರಿದಾಗುವದು. ಬಟ್ಟಲಿನ ದಾರಿಯನ್ನು ತಿರುಗಿಸಿರಿ. ಅದು ಕೂಸಿನಿಂದ ಆರಂಭವಾಗಲಿ. ಇದಕ್ಕೆ ಹೊಸ ಖರ್ಚು ಬೇಕಾಗಿಲ್ಲ, ಹಂಚುವ ಕ್ರಮ ಬದಲಾದರೆ ಸಾಕು.

ಮನೆಯಲ್ಲಿ ಕೂಡಿ ಉತ್ತರಿಸತಕ್ಕ ಪ್ರಶ್ನೆಗಳು

1. ತುಪ್ಪವು ಚಳಿಯಲ್ಲಿ ಹೆಪ್ಪುಗಟ್ಟುವದೂ ಕುಸುಬೆ ಎಣ್ಣೆಯು ಹರಿಯುವದೂ ಯಾಕೆ?
2. ಸೊಪ್ಪಿಗೆ ಒಗ್ಗರಣೆ ಹಾಕುವದರಿಂದ ಕಣ್ಣಿಗೆ ಏನು ಪ್ರಯೋಜನ?
3. ಡೆನ್ಮಾರ್ಕಿನ ಮಕ್ಕಳು ಬೆಣ್ಣೆಯ ನಾಡಿನಲ್ಲಿದ್ದೂ ಯಾಕೆ ಕುರುಡರಾದರು?
4. ಉತ್ತರ ಕರೇಲಿಯದ ಸ್ತ್ರೀಯರು ಮಾಡಿದ ಕೆಲಸವನ್ನು ನಮ್ಮ ಹಳ್ಳಿಯ ಸ್ತ್ರೀಯರ ಕೂಟದಲ್ಲಿ ಹೇಗೆ ಮಾಡಬಹುದು?
5. ನಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುವದು? ಅದರಲ್ಲಿ ಅತಿ ಚಿಕ್ಕ ಮಗುವಿಗೆ ಸಿಕ್ಕುವ ಪಾಲೆಷ್ಟು?